40 ನಿಮಿಷ, 250 ಪದ: ಐಇಎಲ್‌ಟಿಎಸ್ ಪ್ರಬಂಧ ಬರೆಯುವ ಬಗೆ

ಕಾಸರಗೋಡಿನ ಕುಂಬಳೆ, ಬದಿಯಡ್ಕ, ಪೆರ್ಲದ ಕಡೆಯಿಂದ ಕನ್ನಡ ಮಾಧ್ಯಮದಲ್ಲಿ ಓದಿ, ನರ್ಸಿಂಗ್ ಮುಗಿಸಿ ಬ್ರಿಟನ್ನಿಗೆ ಹೊರಡುವ ಮಕ್ಕಳು ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಭಾಷಾ ಪರೀಕ್ಷೆಯಲ್ಲಿ ಎಡವುವುದು ಹೆಚ್ಚಾಗಿ ಬರವಣಿಗೆಯಲ್ಲಿ. ಅಲ್ಲಿನ ನರ್ಸಿಂಗ್ ಕೌನ್ಸಿಲ್ ಓದುವುದು, ಕೇಳುವುದು, ಮಾತನಾಡುವುದು ಈ ಮೂರರಲ್ಲೂ 9ಕ್ಕೆ 7 ಅಂಕ ಕೇಳುತ್ತದೆ. ಬರವಣಿಗೆಗೆ 6.5 ಸಾಕು. ಆ ಅರ್ಧ ಅಂಕದ ರಿಯಾಯಿತಿ ಇದ್ದೂ 6ರಲ್ಲೇ ನಿಂತುಬಿಟ್ಟವರು ನನ್ನ ಬಳಿ ಬರುತ್ತಾರೆ. ಅವರ ಇಂಗ್ಲಿಷ್ ತೀರಾ ಕೆಟ್ಟದ್ದೇನೂ ಆಗಿರುವುದಿಲ್ಲ. ಹೇಳಬೇಕಾದ ಮಾತಿಗೆ ಬರುವಷ್ಟರಲ್ಲಿ ಸಮಯ ಮುಗಿದಿರುತ್ತದೆ, ಅಷ್ಟೇ.

ಬರವಣಿಗೆಗೆ ಒಟ್ಟು 60 ನಿಮಿಷ, ಎರಡು ಪ್ರಶ್ನೆ. ಮೊದಲನೆಯದು ನಕ್ಷೆಯನ್ನೋ ಪಟ್ಟಿಯನ್ನೋ ನೋಡಿ ಕನಿಷ್ಠ 150 ಪದಗಳಲ್ಲಿ ವಿವರಿಸುವುದು. ಎರಡನೆಯದು ಪ್ರಬಂಧ, ಕನಿಷ್ಠ 250 ಪದ; ತಲೆಬರಹದ 40 ನಿಮಿಷ ಇದಕ್ಕೇ. ಪ್ರಬಂಧಕ್ಕೆ ಮೊದಲನೆಯದರ ಎರಡರಷ್ಟು ತೂಕ. ಯಾವುದನ್ನು ಮೊದಲು ಬರೆದರೂ ಅಡ್ಡಿಯಿಲ್ಲ. ಪ್ರಬಂಧವನ್ನೇ ಮೊದಲು ಬರೆಯಿರಿ ಎಂದು ನಾನು ಒತ್ತಿ ಹೇಳುತ್ತೇನೆ. ತಲೆ ತಿಳಿಯಾಗಿರುವಾಗ ದೊಡ್ಡ ಕೆಲಸ ಮುಗಿಯಲಿ.

ಮೊದಲ 5 ನಿಮಿಷ: ಪೆನ್ನು ಕೆಳಗಿಡಿ

ಪ್ರಶ್ನೆಯನ್ನು ಎರಡು ಸಲ ಓದಿ. ಎಷ್ಟರ ಮಟ್ಟಿಗೆ ಒಪ್ಪುತ್ತೀರಿ ಎಂದು ಕೇಳಿದ್ದಾರೆಯೇ, ಎರಡೂ ಅಭಿಪ್ರಾಯಗಳನ್ನು ಚರ್ಚಿಸಿ ಎಂದಿದ್ದಾರೆಯೇ, ಕಾರಣ ಮತ್ತು ಪರಿಹಾರ ಬೇಕೇ? ಎರಡು ಕೇಳಿದಾಗ ಒಂದಕ್ಕೆ ಮಾತ್ರ ಉತ್ತರಿಸಿದರೆ ಎಷ್ಟು ಚಂದದ ಭಾಷೆಯೂ ಕೈಹಿಡಿಯುವುದಿಲ್ಲ.

ಆಮೇಲೆ ಕನ್ನಡದಲ್ಲೇ ಯೋಚಿಸಿ. ಹೀಗೆಂದರೆ ಕೆಲವು ತರಬೇತುದಾರರು ಒಪ್ಪಲಾರರು. ಇಂಗ್ಲಿಷಿನಲ್ಲೇ ಯೋಚಿಸಬೇಕು ಎನ್ನುತ್ತಾರೆ. ನನ್ನ ಅನುಭವ ಬೇರೆ. ನೀರ್ಚಾಲಿನ ಕಡೆಯ ಒಬ್ಬ ಹುಡುಗಿಗೆ ಅಭ್ಯಾಸಕ್ಕೆಂದು ನಾನು ಕೊಟ್ಟಿದ್ದ ಪ್ರಶ್ನೆ ಇದು: ಕೆಲಸಕ್ಕಾಗಿ ಯುವಜನರು ಹಳ್ಳಿ ಬಿಡುತ್ತಿದ್ದಾರೆ, ಇದರಿಂದ ಲಾಭ ಹೆಚ್ಚೋ ನಷ್ಟ ಹೆಚ್ಚೋ? ಅವಳು ಜಾಗತೀಕರಣ, ಆಧುನಿಕ ಯುಗ ಎಂದೆಲ್ಲ ಬರೆದು ಒಂದು ಪುಟ ತುಂಬಿಸಿದ್ದಳು. ಅದರಲ್ಲಿ ಅವಳ ಮಾತು ಒಂದೂ ಇರಲಿಲ್ಲ. ಹಾಳೆ ಮಡಚಿಟ್ಟು ಕೇಳಿದೆ, ‘ನಿಮ್ಮ ಮನೆಯಲ್ಲಿ ಏನಾಯಿತು, ಹೇಳು.’

‘ಅಣ್ಣ ಗಲ್ಫಿಗೆ ಹೋದ ಮೇಲೆ ಬ್ಯಾಂಕಿನ ಸಾಲ ತೀರಿತು ಟೀಚರ್. ಆದರೆ ಮಳೆಗಾಲದ ಮೊದಲು ಅಡಿಕೆಗೆ ಮದ್ದು ಬಿಡಲು ಜನವಿಲ್ಲ. ಅಪ್ಪನಿಗೆ ಮರ ಹತ್ತಲು ಆಗುವುದಿಲ್ಲ. ಎರಡು ವರ್ಷ ಕೊಳೆರೋಗ ಬಂದು ಅರ್ಧ ಫಸಲು ಉದುರಿತು.’

ಪ್ರಬಂಧ ಅಲ್ಲೇ ಸಿಕ್ಕಿತು. ಕಳುಹಿಸಿದ ಹಣದಿಂದ ಸಾಲ ತೀರುವುದು ಒಂದು ಪ್ಯಾರಾ. ದುಡಿಯುವ ಕೈಗಳಿಲ್ಲದೆ ತೋಟ ಸೊರಗುವುದು ಇನ್ನೊಂದು. ಲಾಭವೇ ಹೆಚ್ಚು, ಆದರೆ ಕೃಷಿಗೆ ಪೆಟ್ಟು ಎಂಬುದು ಅವಳ ನಿಲುವು. ಇಷ್ಟನ್ನು ನಾಲ್ಕು ಸಾಲಿನಲ್ಲಿ ಗೀಚಿಕೊಂಡಳು. ಸ್ವಂತ ತಿಳಿವಳಿಕೆಯಿಂದ, ಅನುಭವದಿಂದ ಉದಾಹರಣೆ ಕೊಡಿ ಎಂದು ಪ್ರಶ್ನೆಪತ್ರಿಕೆಯೇ ಹೇಳುತ್ತದೆ. ಬಾಯಿಪಾಠ ಮಾಡಿದ ಪ್ರಬಂಧವನ್ನು ಪರೀಕ್ಷಕರು ಗುರುತಿಸುತ್ತಾರೆ, ಅದಕ್ಕೆ ಅಂಕವನ್ನೂ ಕಳೆಯುತ್ತಾರೆ.

ಮುಂದಿನ 30 ನಿಮಿಷ: ನಿಲುವು ಮೊದಲು

ತಾಳಮದ್ದಳೆ, ಅಂದರೆ ವೇಷವಿಲ್ಲದೆ ಕುಳಿತು ಮಾತಿನಲ್ಲೇ ನಡೆಸುವ ಯಕ್ಷಗಾನ, ಕೇಳಿ ಬೆಳೆದವರು ನಾವು. ಪಾತ್ರದ ಮಾತಾಡುವ ಅರ್ಥಧಾರಿ ಪೀಠಿಕೆ ಹಾಕಿ, ಸುತ್ತಿ ಬಳಸಿ, ಎದುರಾಳಿಗೆ ದಾರಿಯೇ ಇಲ್ಲದಂತೆ ಮಾಡಿದ ಮೇಲೆ ತನ್ನ ಪಟ್ಟು ಬಿಚ್ಚುತ್ತಾನೆ. ರಾತ್ರಿಯಿಡೀ ಕುಳಿತು ಕೇಳುವವರಿಗೆ ಅದೇ ರುಚಿ. ಈ ಪ್ರಬಂಧದಲ್ಲಿ ಅದನ್ನು ತಿರುವಿ ಹಾಕಬೇಕು. ಮೊದಲ ಪ್ಯಾರಾ ಎರಡೇ ವಾಕ್ಯ: ವಿಷಯ ಏನು, ನಿಮ್ಮ ನಿಲುವು ಏನು. ನಡುವಿನ ಪ್ರತಿ ಪ್ಯಾರಾದ ಮೊದಲ ವಾಕ್ಯದಲ್ಲಿ ಅದರ ಮುಖ್ಯ ಮಾತು ಬರಲಿ, ನಂತರ ಕಾರಣ, ನಂತರ ಉದಾಹರಣೆ. ಕೊನೆಯ ಪ್ಯಾರಾದಲ್ಲಿ ಹೊಸ ವಿಚಾರ ತರಬೇಡಿ. ನಿಲುವನ್ನು ಬೇರೆ ಮಾತಿನಲ್ಲಿ ಹೇಳಿ ನಿಲ್ಲಿಸಿ.

ಅಂಕ ಬೀಳುವುದು ನಾಲ್ಕು ಅಂಶಗಳ ಮೇಲೆ: ಪ್ರಶ್ನೆಗೆ ಉತ್ತರಿಸಿದ ರೀತಿ, ವಿಚಾರಗಳ ಜೋಡಣೆ, ಪದಬಳಕೆ, ವ್ಯಾಕರಣ. ನಾಲ್ಕಕ್ಕೂ ಸಮಪಾಲು. ಹಾಗಾಗಿ ನಿಘಂಟಿನಿಂದ ಹೆಕ್ಕಿದ ಭಾರದ ಪದಗಳನ್ನು ತುರುಕಿ ಉಳಿದ ಮೂರನ್ನು ಕಡೆಗಣಿಸುವುದು ನಷ್ಟದ ವ್ಯಾಪಾರ. ಅರ್ಥ ಖಚಿತವಾಗಿ ಗೊತ್ತಿರುವ ಪದವನ್ನಷ್ಟೇ ಬಳಸಿ.

ಕಾಗದದ ಮೇಲೆ ಬರೆಯುವವರು ತಮ್ಮ ಅಕ್ಷರದಲ್ಲಿ ಒಂದು ಸಾಲಿಗೆ ಎಷ್ಟು ಪದ ಹಿಡಿಯುತ್ತದೆಂದು ಮನೆಯಲ್ಲೇ ಎಣಿಸಿಟ್ಟುಕೊಳ್ಳಿ. ಸಾಲಿಗೆ 10 ಎಂದಾದರೆ 25 ಸಾಲು ದಾಟಿದರೆ ಸಾಕು, ಪರೀಕ್ಷೆಯಲ್ಲಿ ಎಣಿಸುತ್ತಾ ಕೂರಬೇಕಾಗಿಲ್ಲ. ಕಂಪ್ಯೂಟರಿನಲ್ಲಿ ಪದಗಳ ಲೆಕ್ಕ ಪರದೆಯ ಮೇಲೆ ಕಾಣುತ್ತದೆ, ಆದರೆ ಕಾಗುಣಿತದ ತಪ್ಪನ್ನು ಅದು ತಿದ್ದಿಕೊಡುವುದಿಲ್ಲ.

ಕೊನೆಯ 5 ನಿಮಿಷ

ಈ ಹೊತ್ತಿನಲ್ಲಿ ವಾಕ್ಯಗಳನ್ನು ಹೊಸದಾಗಿ ಕಟ್ಟಲು ಹೋಗಬೇಡಿ. ನಮ್ಮ ಮಕ್ಕಳು ಮರೆಯುವುದು ಎರಡನ್ನು. ಕನ್ನಡದಲ್ಲಿ ‘ಎ’, ‘ದಿ’ಗಳಿಗೆ ಸಮನಾದದ್ದು ಇಲ್ಲ, ಮಲಯಾಳದಲ್ಲೂ ಇಲ್ಲ, ಆದ್ದರಿಂದ ಅವು ಬಿಟ್ಟುಹೋಗುತ್ತವೆ. ವರ್ತಮಾನಕಾಲದಲ್ಲಿ ‘ಅವನು’, ‘ಅವಳು’, ‘ಅದು’ ಎಂಬಂಥ ಏಕವಚನದ ಕರ್ತೃ ಬಂದಾಗ ಕ್ರಿಯಾಪದದ ಕೊನೆಗೆ ಬರಬೇಕಾದ ‘ಎಸ್’ ಇನ್ನೊಂದು. ಒಂದು ಸಲ ನಾಮಪದಗಳನ್ನಷ್ಟೇ ನೋಡುತ್ತಾ ಹೋಗಿ, ಮತ್ತೊಂದು ಸಲ ಕ್ರಿಯಾಪದಗಳನ್ನಷ್ಟೇ.

ಪರೀಕ್ಷಾ ಕೋಣೆಗೆ ಕೈಗಡಿಯಾರ ಒಯ್ಯುವಂತಿಲ್ಲ. ಮನೆಯಲ್ಲಿ ಅಭ್ಯಾಸಕ್ಕೆ ಕುಳಿತಾಗಲೂ ಅದನ್ನು ಬಿಚ್ಚಿಟ್ಟು, ಮೊಬೈಲನ್ನು ಅಮ್ಮನ ಕೈಗೆ ಕೊಟ್ಟು, ಗೋಡೆ ಗಡಿಯಾರ ನೋಡಿಕೊಂಡೇ ಬರೆಯಿರಿ.