ಕಾಲಿನ ನೋವು ಮತ್ತೆ ಮತ್ತೆ ಬಂದರೆ ರಿಲೇ ತಂಡಕ್ಕೆ ಮರಳುವುದು ಹೇಗೆ?

ಮೂರು ಸಲ ಇದೇ ನೋವಿನಿಂದ ಉಡುಪಿಯ ಅಜ್ಜರಕಾಡು ಟ್ರ್ಯಾಕ್‌ನ ಹೊರಗೆ ಕೂತವಳು ನಾನು, ಅದಕ್ಕೇ ಬರೆಯುತ್ತಿದ್ದೇನೆ. ಮೊದಲು ಮೊಣಕಾಲ ಕೆಳಗಿನ ಮೂಳೆಯನ್ನು ಬೆರಳಿನಿಂದ ಒತ್ತಿ ನೋಡಿ. ಒಳಅಂಚಿನ ಉದ್ದಕ್ಕೂ ನೋವಿದ್ದರೆ ಅದು ಹೆಚ್ಚಾಗಿ ಶಿನ್ ಸ್ಪ್ಲಿಂಟ್ಸ್, ಅಂದರೆ ಓಟದ ಒತ್ತಡದಿಂದ ಆ ಮೂಳೆಯ ಅಂಚಿಗೆ ಬರುವ ನೋವು. ಒಂದೇ ಕಡೆ ಚುಚ್ಚಿದಂತೆ ನೋವಾದರೆ ಅಥವಾ ರಾತ್ರಿ ಮಲಗಿದಾಗಲೂ ನೋಯುತ್ತಿದ್ದರೆ ಓಡಲೇಬೇಡಿ, ಮೂಳೆಯಲ್ಲಿ ಬಿರುಕಿರಬಹುದು, ಡಾಕ್ಟರಿಗೆ ತೋರಿಸಿ.

ನನ್ನ ತಪ್ಪು ಏನು ಗೊತ್ತಾ? ನೋವು ಹೋದ ದಿನವೇ ಪೂರ್ತಿ 400 ಮೀಟರ್ ಓಡಿದ್ದು. ತಂಡಕ್ಕೆ ನಾಲ್ಕನೆಯವಳು ಬೇಕಿತ್ತಲ್ವಾ! ಹಾಗೆ ಮಾಡಬೇಡಿ. 30 ನಿಮಿಷ ಜೋರಾಗಿ ನಡೆದರೂ ನೋಯಬಾರದು, ಆಮೇಲೆ 1 ನಿಮಿಷ ಓಟ, 2 ನಿಮಿಷ ನಡಿಗೆ, ಹೀಗೆ 8 ಸಲ, ಅದೂ ದಿನ ಬಿಟ್ಟು ದಿನ. ಮರುದಿನ ಬೆಳಿಗ್ಗೆ ನೋವು ಜಾಸ್ತಿಯಾದರೆ ಓಟ ಕಡಿಮೆ ಮಾಡಿ. ಮೆಟ್ಟಿಲ ಮೇಲೆ ನಿಂತು ಹಿಮ್ಮಡಿ ಎತ್ತಿ ಇಳಿಸಿ, 15ರಂತೆ 3 ಸುತ್ತು.

ಮಲ್ಪೆ ಬೀಚಿನ ಮರಳು ಮೆತ್ತಗಿದೆ ಅಂತ ಸುಮ್ನೆ ಅಲ್ಲಿ ಓಡಬೇಡಿ, ತೀರದ ಇಳಿಜಾರಿನಲ್ಲಿ ಎರಡೂ ಕಾಲಿಗೆ ಸಮ ಭಾರ ಬೀಳುವುದಿಲ್ಲ.

ಓಡಲಾಗದ ದಿನವೂ ಗ್ರೌಂಡಿಗೆ ಹೋಗಿ, ನಿಂತಲ್ಲೇ ಬ್ಯಾಟನ್ (ರಿಲೇಯಲ್ಲಿ ಕೈಯಿಂದ ಕೈಗೆ ದಾಟಿಸುವ ಕೋಲು) ಕೊಡುವುದನ್ನು ಅಭ್ಯಾಸ ಮಾಡಿ, ಗೆಳತಿಯರ ಟೈಮಿಂಗ್ ಬರೆದುಕೊಡಿ. ಕೋಚ್‌ನಿಂದ ನೋವು ಮುಚ್ಚಿಡಬೇಡಿ, ಬದಲಿ ಓಟಗಾರ್ತಿಯನ್ನು ತಯಾರು ಮಾಡಲು ಅವರಿಗೂ ಸಮಯ ಬೇಕು.