ಚುಚ್ಚಿಸಿದ ಕಿವಿಯನ್ನು ಅದರ ಪಾಡಿಗೆ ಬಿಡಿ

ಮೊನ್ನೆ ಮೊಮ್ಮಗಳು ಕಿವಿ ಚುಚ್ಚಿಸಿಕೊಂಡು ಬಂದವಳು, ಒಂದು ಕೈಯಲ್ಲಿ ಮೊಬೈಲು ಹಿಡಿದು ಇನ್ನೊಂದು ಕೈಯಲ್ಲಿ ಓಲೆಯನ್ನು ನಲ್ಲಿ ತಿರುಗಿಸಿದ ಹಾಗೆ ತಿರುಗಿಸುತ್ತ ಕೂತಿದ್ದಳು. ಗದರಿದರೆ, "ತಿರುಗಿಸದಿದ್ದರೆ ಅಂಟಿಕೊಂಡುಬಿಡುತ್ತಂತೆ ಅಜ್ಜಿ" ಅಂದಳು. ನನಗೂ ಚಿಕ್ಕಂದಿನಲ್ಲಿ ಹೀಗೇ ಹೇಳಿದ್ದರು. ತಿರುಗಿಸಿದೆ, ಎಡಗಿವಿ ಎರಡು ತಿಂಗಳು ಕೀವು ಸುರಿಸಿತು. ಒಳಗೆ ಆಗತಾನೇ ಕಟ್ಟಿಕೊಳ್ಳುತ್ತಿರುವ ಎಳೆ ಚರ್ಮ ನೀವು ತಿರುಗಿಸಿದಾಗಲೆಲ್ಲ ಹರಿಯುತ್ತದೆ, ಹೊರಗಿನ ಕೊಳೆ ಒಳಗೆ ಸೇರುತ್ತದೆ. ಕೈ ತೊಳೆಯದೆ ಓಲೆ ಮುಟ್ಟಲೇಬೇಡಿ. ತೊಳೆದಿದ್ದರೂ ಸುಮ್ಮಸುಮ್ಮನೆ ಮುಟ್ಟುವುದೇಕೆ?

ಚುಚ್ಚುವವರು ಹೊಸ ಸೂಜಿಯ ಪೊಟ್ಟಣವನ್ನು ನಿಮ್ಮ ಕಣ್ಣೆದುರೇ ಒಡೆಯಬೇಕು. ಕಿವಿಯ ಮೇಲಿನ ಗಟ್ಟಿ ಭಾಗಕ್ಕೆ ಕಿವಿ ಚುಚ್ಚುವ ಗನ್ ಹಿಡಿದು ಬಂದರೆ ಎದ್ದು ಬನ್ನಿ. ಅದು ಮೊಂಡು ಓಲೆಯನ್ನು ಬಲವಂತವಾಗಿ ತಳ್ಳುವುದರಿಂದ ಒಳಗಿನ ಮೆತ್ತನೆ ಎಲುಬು, ಅಂದರೆ ಮೃದ್ವಸ್ಥಿ, ಜಜ್ಜಿಹೋಗುತ್ತದೆ. ಚುಚ್ಚುವ ಜಾಗಕ್ಕೆ ಚುಕ್ಕೆ ಇಟ್ಟಮೇಲೆ ನೆಟ್ಟಗೆ ಕೂತು ಕನ್ನಡಿಯಲ್ಲಿ ನೀವೇ ನೋಡಿಕೊಳ್ಳಿ, ಎರಡು ಕಿವಿ ಯಾರಿಗೂ ಒಂದೇ ಸಮ ಇರುವುದಿಲ್ಲ. ಮೊದಲ ಓಲೆ ಟೈಟಾನಿಯಂ ಆಗಲಿ, ನಿಕ್ಕಲ್ ಬೆರೆಯದ ಚಿನ್ನವಾಗಲಿ. ತಿರುಪು ಹಾಲೆಗೆ ಒತ್ತಿಕೊಂಡಿರಬಾರದು, ಊತಕ್ಕೆ ಜಾಗ ಬೇಕು.

ತೊಳೆಯಲು ಉಪ್ಪುನೀರು ಸಾಕು. ಕುದಿಸಿ ಆರಿಸಿದ ನೀರಿಗೆ ಅಯೋಡಿನ್ ಇಲ್ಲದ ಉಪ್ಪು. ನಾಲಿಗೆಗೆ ಕಣ್ಣೀರಿನಷ್ಟು ಉಪ್ಪಾದರೆ ಸರಿ, ಹೆಚ್ಚಾದರೆ ಚರ್ಮ ಒಣಗಿ ಉರಿಯುತ್ತದೆ. ಆ ಅಂದಾಜು ಬಾರದವರು ಔಷಧದಂಗಡಿಯ 0.9 ಶೇಕಡಾ ಸಲೈನ್ ತನ್ನಿ. ದಿನಕ್ಕೆರಡು ಸಲ ನೆನೆಸಿದರೆ ಹಕ್ಕಳೆ ತಾನಾಗಿ ಬಿಡುತ್ತದೆ. ಉಗುರಲ್ಲಿ ಕೀಳಬೇಡಿ. ಸ್ಪಿರಿಟ್ಟು, ಪೆರಾಕ್ಸೈಡು, ಅಡುಗೆಮನೆ ಡಬ್ಬದಲ್ಲಿದ್ದದ್ದು ಯಾವುದೂ ಬೇಡ.

ಇಷ್ಟೆಲ್ಲ ಮಾಡಿ ರಾತ್ರಿ ಅದೇ ಕಿವಿಯ ಮೇಲೆ ಮಲಗುತ್ತೀರಲ್ಲ, ನನಗೆ ಸಿಟ್ಟು ಬರುವುದು ಅಲ್ಲೇ. ಹಗಲು ವಾಸಿಯಾದದ್ದು ರಾತ್ರಿ ಕೆಡುತ್ತದೆ, ತೂತೂ ಓರೆಯಾಗುತ್ತದೆ. ಅದಕ್ಕೆ ನಾನು ಸಿಂಬಿ ಮಾಡಿ ಕೊಡುತ್ತೇನೆ. ತಲೆಯ ಮೇಲೆ ಕೊಡ ಹೊರುವಾಗ ಸುತ್ತಿ ಇಟ್ಟುಕೊಳ್ಳುತ್ತಾರಲ್ಲ, ಅದೇ. ಹಳೆಯ ಮೆತ್ತನೆ ಟವಲನ್ನು ಉದ್ದಕ್ಕೆ ಮಡಚಿ, ಬಟ್ಟೆ ಹಿಂಡುವ ಹಾಗೆ ಹುರಿಮಾಡಿ. ಬಿಗಿಯಾದರೆ ಕಲ್ಲಿನಂತಾಗುತ್ತದೆ, ಸಡಿಲವಾದರೆ ನಡುರಾತ್ರಿಗೆ ಚಪ್ಪಟೆ. ಬೆರಳಲ್ಲಿ ಒತ್ತಿದರೆ ತಗ್ಗಿ ಮತ್ತೆ ಮೇಲೇಳಬೇಕು. ಸುತ್ತು ಹಾಕಿ ತುದಿಯನ್ನು ಒಳಗೆ ಸಿಕ್ಕಿಸಿ, ಎರಡು ಕಡೆ ದಾರ ಹೊಲಿಯಿರಿ. ಪಿನ್ನು ಚುಚ್ಚೀರಿ, ಜೋಕೆ! ನಡುವಿನ ತೂತಿನಲ್ಲಿ ನಿಮ್ಮ ಮುಷ್ಟಿ ಸಲೀಸಾಗಿ ಇಳಿಯಬೇಕು. ಅದನ್ನು ತಗ್ಗಿನ ದಿಂಬಿನ ಮೇಲಿಟ್ಟು, ಕೆನ್ನೆಯೂ ಕಿವಿಯ ಹಿಂದಿನ ಎಲುಬೂ ಸುತ್ತಿನ ಮೇಲೆ ಕೂರುವಂತೆ ಮಲಗಿ. ಕಿವಿ ತೂತಿನಲ್ಲಿ ಯಾವುದಕ್ಕೂ ತಾಗದೆ ತೇಲುತ್ತಿರಬೇಕು. ತಾಗಿದರೆ ಬಿಚ್ಚಿ ಮತ್ತೆ ಸುತ್ತಿ. ನನ್ನ ಮಗಳಿಗೆ ನಾಲ್ಕು ಸಲ ಬಿಚ್ಚಿ ಸುತ್ತಿದ್ದೆ, ನಕ್ಕಿದ್ದಳು. ಈಗ ಅವಳೇ ತನ್ನ ಮಗಳಿಗೆ ಹೊಲಿಯುತ್ತಿದ್ದಾಳೆ.

ಸಿಂಬಿಯ ಮೇಲೆ ಹಾಸುವ ಬಟ್ಟೆ, ದಿಂಬಿನ ಚೀಲ ಎರಡು ದಿನಕ್ಕೊಮ್ಮೆ ಬದಲಾಗಲಿ. ಒಗೆಯುವುದೂ ಬರಬೇಕಲ್ಲ! ಬೊಗಸೆಗಟ್ಟಲೆ ಸೋಪಿನ ಪುಡಿ ಸುರಿದು ಒಂದೇ ನೀರಲ್ಲಿ ಅದ್ದಿ ತೆಗೆದರೆ ಬಟ್ಟೆ ರಟ್ಟಿನಂತಾಗಿ ಕಿವಿ ಕೆರೆಯುತ್ತದೆ. ಪುಡಿ ಅರ್ಧಕ್ಕಿಳಿಸಿ, ನೀರು ತಿಳಿಯಾಗುವವರೆಗೆ ಜಾಲಾಡಿ.

ವಾಸಿಯಾಗಲು ಹಾಲೆಗೆ 6ರಿಂದ 8 ವಾರ, ಮೇಲಿನ ಗಟ್ಟಿ ಭಾಗಕ್ಕೆ 6 ತಿಂಗಳಿಂದ ಒಂದು ವರ್ಷ ಹಿಡಿಯುತ್ತದೆ. ಮೊದಮೊದಲು ತಿಳಿನೀರು ಜಿನುಗಿ ಒಣಗುವುದು ಸಹಜ. ಕಿವಿ ಬಿಸಿಯಾಗಿ, ಕೆಂಪು ಹರಡಿ, ಹಳದಿ ಹಸಿರು ಕೀವು ಬಂದರೆ, ಜ್ವರ ಕಾಣಿಸಿದರೆ ವೈದ್ಯರಲ್ಲಿಗೆ ಹೋಗಿ. ಗಾಬರಿಯಲ್ಲಿ ನೀವೇ ಓಲೆ ಕಿತ್ತರೆ ತೂತು ಮುಚ್ಚಿ ಕೀವು ಒಳಗೇ ಉಳಿಯುತ್ತದೆ.

ಪೂರ್ತಿ ವಾಸಿಯಾದ ಮೇಲೆ ಮೊದಲ ಓಲೆ ಬದಲಾಯಿಸುವಾಗ ಬೇಸಿನ್ನಿನ ಮುಂದೆ ಮಾತ್ರ ನಿಲ್ಲಬೇಡಿ. ಮಂಚದ ಮೇಲೆ ಬಿಳಿ ಬಟ್ಟೆ ಹಾಸಿಕೊಂಡು ಕೂತುಕೊಳ್ಳಿ. ನನ್ನ ತಿರುಪು ಎರಡು ಈಗಲೂ ಆ ಕೊಳವೆಯೊಳಗೇ ಇವೆ.