ಲೂಗರ್ ಪಿಸ್ತೂಲಿನ ಚಕ್ಕೆ ಎದ್ದ ಮರದ ಗ್ರಿಪ್: ನಾನು ದುರಸ್ತಿ ಮಾಡಿದ ಬಗೆ

ಲೂಗರ್ ಪಿ.08 ಎಂಬ ಹಳೆಯ ಜರ್ಮನ್ ಪಿಸ್ತೂಲನ್ನು ಸಂಗ್ರಹಿಸುವವರಿಗೆ ಎಡಗಡೆಯ ಗ್ರಿಪ್ಪಿನ (ಹಿಡಿಯ ಬದಿಗೆ ಕೂರಿಸಿದ ಮರದ ಪಟ್ಟಿಯ) ಮೇಲ್ತುದಿ, ಅಂದರೆ ಗುಂಡು ಹಾರದಂತೆ ತಡೆಯುವ ಸೇಫ್ಟಿ ಲಿವರ್ ಪಕ್ಕದ ಕಿವಿ, ಚಕ್ಕೆ ಎದ್ದು ಹೋಗುವ ವಿಷಯವನ್ನು ಹೊಸದಾಗಿ ವರ್ಣಿಸಬೇಕಿಲ್ಲ. ಅಲ್ಲಿ ಮರ ಬಹಳ ತೆಳುವಾಗಿರುವುದರಿಂದ, ಸ್ಕ್ರೂ ಬಿಚ್ಚಿದ ಮೇಲೆ ಲಿವರ್ ಅಡ್ಡವಿರುವಾಗಲೇ ಗ್ರಿಪ್ಪನ್ನು ಎತ್ತಿದ ಯಾರದೋ ಅವಸರಕ್ಕೆ ನೂರು ವರ್ಷದ ಅಕ್ರೋಟ್ ಮರ ಬಲಿಯಾಗಿರುತ್ತದೆ. 1917ರ ಇಸವಿ ಹೊತ್ತ ಡಿ.ಡಬ್ಲ್ಯು.ಎಂ. ಎಂಬ ಜರ್ಮನ್ ಕಾರ್ಖಾನೆಯ ನನ್ನ ಪಿಸ್ತೂಲಿನಲ್ಲಿಯೂ ಹೆಬ್ಬೆರಳ ಉಗುರಿನ ಅರ್ಧದಷ್ಟು ಭಾಗ ಹೋಗಿತ್ತು. ಇಲ್ಲಿ ಅಮೆರಿಕದಲ್ಲಿ ನನಗೆ ಪರಿಚಯವಿರುವ ಸಂಗ್ರಾಹಕರೆಲ್ಲರೂ ಒಂದೇ ಮಾತು ಹೇಳಿದರು: ಚೆಕರಿಂಗ್ (ಕೈ ಜಾರದಂತೆ ಅಡ್ಡಡ್ಡ ಗೆರೆ ಕೊರೆದು ಮಾಡಿದ ವಜ್ರಾಕೃತಿಗಳ ಕೆತ್ತನೆ) ಇರುವ ಕಡೆ ಮರದ ತೇಪೆ ಕೂರುವುದಿಲ್ಲ, ಕೂತರೂ ಗೆರೆ ಕಾಣಿಸುತ್ತದೆ, ಹೊಸ ಜೋಡಿ ಹಾಕಿಬಿಡುವುದೇ ಮೇಲು. ಕೆಲಸ ಮುಗಿದ ಮೇಲೆ ಅದೇ ಗ್ರಿಪ್ಪನ್ನು ಅವರ ಕೈಗೆ ಕೊಟ್ಟು ತೇಪೆ ಎಲ್ಲಿದೆ ಎಂದು ಕೇಳಿದ್ದೇನೆ. ಭೂತಗನ್ನಡಿಯಿಲ್ಲದೆ ಇದುವರೆಗೆ ಯಾರೂ ಬೆರಳಿಟ್ಟು ತೋರಿಸಿಲ್ಲ.

ಹೊಸ ಜೋಡಿಗೆ ಐವತ್ತು ಅರವತ್ತು ಡಾಲರ್ ಸಾಕಾಗುತ್ತಿತ್ತು. ಆದರೆ ನನ್ನ ಗ್ರಿಪ್ಪುಗಳ ಒಳಮೈಯಲ್ಲಿ ಪಿಸ್ತೂಲಿನ ಸಂಖ್ಯೆಯ ಕೊನೆಯ ಎರಡು ಅಂಕಿಗಳು ಒತ್ತಿದ ಹಾಗೆಯೇ ಉಳಿದಿವೆ, ಮತ್ತು ಆ ಜೋಡಿ ತಪ್ಪಿದರೆ ನನ್ನ ಅಂದಾಜಿನಲ್ಲಿ ಮುನ್ನೂರು ನಾನೂರು ಡಾಲರಿನಷ್ಟು ಬೆಲೆ ಕುಸಿಯುತ್ತದೆ. ದುರಸ್ತಿಗಾರರೊಬ್ಬರು ಸುಮಾರು ಇನ್ನೂರೈವತ್ತು ಡಾಲರ್ ಕೇಳಿದರು. ಅಷ್ಟು ಕೊಟ್ಟರೂ ಅವರು ಮಾಡಲು ಹೊರಟಿದ್ದು ಇಡೀ ಮೈಯನ್ನು ಉಜ್ಜಿ ಚೆಕರಿಂಗನ್ನು ಹೊಸದಾಗಿ ಕೊರೆಯುವ ಕೆಲಸ. ಮೂಲ ಕಾರ್ಖಾನೆಯ ಕೆತ್ತನೆಯನ್ನು ಅಳಿಸಿಹಾಕುವುದನ್ನು ದುರಸ್ತಿ ಎಂದು ಕರೆಯಲು ನನ್ನ ಮನಸ್ಸು ಒಪ್ಪಲಿಲ್ಲ. ನನಗೆ ತಗುಲಿದ ಖರ್ಚು ಎಪ್ಪತ್ತು ಡಾಲರಿನ ಆಸುಪಾಸು, ಅದರಲ್ಲಿ ಹೆಚ್ಚಿನದು ಇಂದಿಗೂ ಬಳಸುತ್ತಿರುವ ಉಪಕರಣಗಳಿಗೆ ಹೋಯಿತು.

ಮೊದಲ ಪ್ರಯೋಗಗಳನ್ನೆಲ್ಲ ಗುಜರಿ ಗ್ರಿಪ್ಪುಗಳ ಮೇಲೆ ಮಾಡಿದೆ. ಎಪಾಕ್ಸಿಗೆ ಅಕ್ರೋಟ್ ಮರದ ಹೊಟ್ಟು ಕಲಸಿ ತುಂಬುವ ವಿಧಾನವನ್ನು ಎಲ್ಲರೂ ಹೊಗಳುತ್ತಾರೆ. ಅದು ಗಟ್ಟಿಯಾಗಿ ಕೂರುವುದು ನಿಜ. ಆದರೆ ಎಣ್ಣೆಯನ್ನು ಹೀರುವುದಿಲ್ಲ, ಸುತ್ತಲಿನ ಮರ ಎಣ್ಣೆ ಕುಡಿದು ಹೊಳೆಯುವಾಗ ತುಂಬಿದ ಜಾಗ ಮಾತ್ರ ಸತ್ತ ಕಂದುಬಣ್ಣದಲ್ಲಿ ಎದ್ದು ಕಾಣುತ್ತದೆ. ಅದರ ಮೇಲೆ ಚೆಕರಿಂಗ್ ಕೊರೆಯಲು ಹೋದರೆ ವಜ್ರಾಕೃತಿಗಳ ತುದಿಗಳು ಒಂದೊಂದಾಗಿ ಉದುರುತ್ತವೆ. ಸೂಪರ್ ಗ್ಲೂ ಬಳಸಿದಾಗ ಅಂಟು ಮರದೊಳಗೆ ಇಳಿದು ಕಪ್ಪು ಗೆರೆಯೊಂದನ್ನು ಬಿಟ್ಟಿತು. ಮರದ ತುಂಡನ್ನೇ ಕೂರಿಸಿ ಸರೇಸು (ಪ್ರಾಣಿಗಳ ಚರ್ಮ, ಮೂಳೆಯಿಂದ ಮಾಡುವ ಅಂಟು) ಹಚ್ಚಿದ್ದು ಮಾತ್ರ ನೋಡಲು ಚೆನ್ನಾಗಿತ್ತು, ಆದರೆ ಒಂದೆರಡು ವಾರದಲ್ಲಿ ಅದು ಕಳಚಿ ಬಿತ್ತು.

ಕಳಚಿದ ಮುಖವನ್ನು ಬೆಳಕಿಗೆ ಹಿಡಿದಾಗ ಕಾರಣ ಸ್ಪಷ್ಟವಾಯಿತು: ದಶಕಗಳ ಕಾಲ ಸುರಿದ ಗನ್ ಎಣ್ಣೆ ಮರದ ನಾರಿನೊಳಗೇ ನಿಂತಿತ್ತು, ಅಂಟು ಮರವನ್ನು ಮುಟ್ಟಿಯೇ ಇರಲಿಲ್ಲ. ಆದ್ದರಿಂದ ಈ ಕೆಲಸದ ಅರ್ಧ ಭಾಗ ಎಣ್ಣೆ ತೆಗೆಯುವುದರಲ್ಲಿದೆ ಎಂದು ಧೈರ್ಯವಾಗಿ ಹೇಳುತ್ತೇನೆ. ಸೀಮೆಸುಣ್ಣದ ನುಣುಪು ಪುಡಿಯನ್ನು ಅಸಿಟೋನಿನಲ್ಲಿ ಕಲಸಿ, ಮುರಿದ ಅಂಚಿಗೆ ಮಾತ್ರ ಬಳಿದು ಒಣಗಲು ಬಿಡಬೇಕು. ಅಸಿಟೋನ್ ಆರುತ್ತಿದ್ದಂತೆ ಒಳಗಿನ ಎಣ್ಣೆ ಮೇಲೆ ಬಂದು ಬಿಳಿಯ ಪುಡಿ ಹಳದಿಗೆ ತಿರುಗುತ್ತದೆ. ಅದನ್ನು ಉದುರಿಸಿ ಮತ್ತೆ ಬಳಿಯಬೇಕು, ಪುಡಿ ಬಿಳಿಯಾಗಿಯೇ ಉಳಿಯುವವರೆಗೆ. ನನ್ನ ಗ್ರಿಪ್ಪಿಗೆ ಇದೊಂದಕ್ಕೇ ವಾರದ ಮೇಲೆ ಹಿಡಿಯಿತು. ಇದೇ ಉಪಾಯವನ್ನು ಕೊಡಗಿನಲ್ಲಿರುವ ಸ್ನೇಹಿತರೊಬ್ಬರಿಗೆ ಫೋನಿನಲ್ಲಿ ಹೇಳಿಕೊಟ್ಟೆ. ಅವರ ಮನೆಯ ಜೋಡಿನಳಿಗೆ ಕೋವಿಯನ್ನು ನಳಿಗೆ ಮೇಲಾಗಿ ನಿಲ್ಲಿಸಿಡುತ್ತಿದ್ದ ಕಾರಣ ಎಣ್ಣೆಯೆಲ್ಲ ಕೆಳಗಿಳಿದು ಹಿಡಿಯ ಕತ್ತಿನ ಮರ ಕಪ್ಪಾಗಿ ಮೆತ್ತಗಾಗಿತ್ತು; ಅಲ್ಲಿಯೂ ಪುಡಿ ಹಳದಿಯಾಗಿ ಎಣ್ಣೆ ಹೊರಬಂದಿತು.

ತೇಪೆಯ ವಿಧಾನ ನನಗೆ ಹೊಳೆದದ್ದು ಮೈಸೂರಿನ ಬೀಟೆ ಮರದ ಕುಸುರಿ ಕೆಲಸದಿಂದ. ಅಲ್ಲಿಯ ಕುಶಲಿಗಳು ಕೂರಿಸಬೇಕಾದ ತುಂಡನ್ನು ಮೊದಲು ಕತ್ತರಿಸಿ, ಅದನ್ನು ಮರದ ಮೇಲಿಟ್ಟು ಸುತ್ತ ಮೊನೆಯಿಂದ ಗೀರಿ, ಆಮೇಲೆ ಗುಳಿ ತೋಡುತ್ತಾರೆ. ತುಂಡು ಮೊದಲು, ಗುಳಿ ಆಮೇಲೆ. ನಾನೂ ಹಾಗೆಯೇ ಮಾಡಿದೆ, ಜೊತೆಗೆ ನನ್ನದೇ ಆದ ಒಂದು ಬದಲಾವಣೆಯನ್ನು ಸೇರಿಸಿದೆ: ಕೂಡುಗೆರೆಯನ್ನು ನೇರವಾಗಿ ಎಳೆಯದೆ, ಚೆಕರಿಂಗಿನ ತಗ್ಗುಗೆರೆಗಳನ್ನೇ ಹಿಡಿದು, ವಜ್ರದ ಒಂದು ಬದಿಯಲ್ಲಿ ಸಾಗಿ ಮುಂದಿನದರಲ್ಲಿ ತಿರುಗುವಂತೆ ಗರಗಸದ ಹಲ್ಲಿನ ಆಕಾರದಲ್ಲಿ ಕತ್ತರಿಸಿದೆ. ಹೀಗೆ ಕತ್ತರಿಸಿದಾಗ ಕೂಡುವ ಜಾಗವೆಲ್ಲ ತಗ್ಗಿನ ನೆರಳಿನಲ್ಲಿ ಅಡಗುತ್ತದೆ, ಒಂದು ವಜ್ರವೂ ನಡುವೆ ಸೀಳುವುದಿಲ್ಲ. ಮೇಲ್ಮೈಯ ಕೆಳಗೆ ಮಾತ್ರ ಅಂಚನ್ನು ಇಳಿಜಾರು ಮಾಡಿದರೆ ಅಂಟಿಗೆ ಹೆಚ್ಚು ಜಾಗ ಸಿಗುತ್ತದೆ. ತುಂಡಿಗೆ ಮುರಿದ ಹಳೆಯ ಮೌಸರ್ ಬಂದೂಕಿನ ಹಿಡಿಯನ್ನು ಇಪ್ಪತ್ತು ಡಾಲರಿಗೆ ಕೊಂಡೆ. ಜರ್ಮನರು ಪದರ ಅಂಟಿಸಿದ ಬೀಚ್ ಮರಕ್ಕೆ ಬದಲಾಗುವ ಮುಂಚಿನದು, ಅಪ್ಪಟ ಅಕ್ರೋಟ್. ನಾರಿನ ಓಟ ಗ್ರಿಪ್ಪಿನ ಉದ್ದಕ್ಕೆ ಹೊಂದುವ ಜಾಗವನ್ನು ಆ ಹಿಡಿಯಲ್ಲಿ ಹುಡುಕಲು ಒಂದು ಸಂಜೆ ಪೂರ್ತಿ ಬೇಕಾಯಿತು. ಅಂಟಾಗಿ ಮತ್ತೆ ಸರೇಸನ್ನೇ ಆರಿಸಿದೆ, ಏಕೆಂದರೆ ಮುಂದೆ ಯಾರಾದರೂ ಬಿಸಿ ಮತ್ತು ತೇವದಿಂದ ಅದನ್ನು ಬಿಡಿಸಬಹುದು. ಅಷ್ಟು ಚಿಕ್ಕ ಬಾಗಿದ ತುಂಡಿಗೆ ಕ್ಲಾಂಪ್ ನಿಲ್ಲುವುದಿಲ್ಲ, ಸೈಕಲ್ ಟ್ಯೂಬಿನ ಸಪೂರ ಪಟ್ಟಿಗಳನ್ನು ಬಿಗಿಯಾಗಿ ಸುತ್ತುವುದೇ ಸರಿ.

ಅಂಗಡಿಯಲ್ಲಿ ಸಿಗುವ ಎರಡು ಸಾಲಿನ ಚೆಕರಿಂಗ್ ಕಟ್ಟರುಗಳು ಇಂಚಿಗೆ ಇಷ್ಟು ಸಾಲು ಎಂಬ ಲೆಕ್ಕದವು. ನನ್ನ ಗ್ರಿಪ್ಪಿನ ಸಾಲುಗಳಿಗೆ ಅವು ಯಾವುವೂ ಹೊಂದಲಿಲ್ಲ. ಒಂದೇ ಸಾಲಿನ ಕಟ್ಟರನ್ನು ಮೂಲ ಗೆರೆಯಲ್ಲಿ ನಿಲ್ಲಿಸಿ, ಅಲ್ಲಿಂದ ತೇಪೆಯ ಮೇಲಕ್ಕೆ ಎಳೆದುಕೊಂಡು ಹೋದರೆ ಅಳತೆಯ ಗೋಜೇ ಇರುವುದಿಲ್ಲ. ಮೊದಲ ಸುತ್ತಿನಲ್ಲಿ ಬರೀ ಗೀರು, ಎರಡನೆಯದರಲ್ಲಿ ಅರ್ಧ ಆಳ. ಕೊನೆಯಲ್ಲಿ ಹೊಸ ವಜ್ರಗಳ ಮೊನೆಯನ್ನು ಹಳೆಯವುಗಳಷ್ಟೇ ಸವೆಸಬೇಕು. ಅದಕ್ಕೆ ನಾನು ಬಳಸುವ ವಸ್ತುವನ್ನು ಇಲ್ಲಿ ಬರೆಯುವುದಿಲ್ಲ.

ಬಣ್ಣದ ವಿಷಯದಲ್ಲಿ ಬಹಳಷ್ಟು ಅಡ್ಡದಾರಿ ಸುತ್ತಿದ್ದೇನೆ. ಊರಿನಿಂದ ತರಿಸಿದ ಅಳಲೆಕಾಯಿಯ ಕಷಾಯ ಹಚ್ಚಿ, ಅದರ ಮೇಲೆ ಉಕ್ಕಿನ ನಾರು ನೆನೆಸಿದ ವಿನಿಗರ್ ಬಳಿದಾಗ ಮರ ಶಾಯಿಯಂತೆ ಕಪ್ಪಾಯಿತು. ಹಳೆಯ ಎಬನಿ ಕೆಲಸಕ್ಕೆ ಅದು ಬಲು ಸೊಗಸು, ನನ್ನ ಗ್ರಿಪ್ಪಿಗೆ ಅಲ್ಲ. ಕಡು ಚಹಾ ಹಚ್ಚಿ, ಅದೇ ವಿನಿಗರನ್ನು ಬಹಳ ತೆಳುವಾಗಿಸಿ ಕೊಟ್ಟಾಗ ಬೇಕಾದ ಬೂದುಗಂದು ಬಂದಿತು. ಎಷ್ಟು ತೆಳು ಎಂಬುದು ನನ್ನ ಬಳಿಯೇ ಇರಲಿ. ವಿನಿಗರ್ ಬಳಸಿದ ಮೇಲೆ ಅಡುಗೆ ಸೋಡಾದ ನೀರಿನಿಂದ ಒರೆಸದೆ ಗ್ರಿಪ್ಪನ್ನು ಪಿಸ್ತೂಲಿಗೆ ತಾಗಿಸಬೇಡಿ, ಹುಳಿ ಉಳಿದರೆ ಲೋಹಕ್ಕೆ ತುಕ್ಕು ಹಿಡಿಯುತ್ತದೆ. ಅದು ಪೂರ್ತಿ ಒಣಗಿದ ನಂತರ ಅಗಸೆ ಎಣ್ಣೆಯನ್ನು ಬೆರಳ ತುದಿಯಷ್ಟು ತೆಗೆದುಕೊಂಡು, ಮೂರು ನಾಲ್ಕು ಸಲ, ನಡುವೆ ದಿನಗಳ ಅಂತರ ಬಿಟ್ಟು ತೇಪೆಗೆ ಮಾತ್ರ ತಿಕ್ಕಿದೆ.

ಜೋಡಿಸುವ ಮುನ್ನ ಇನ್ನೊಂದು ಕೆಲಸ ಉಳಿದಿರುತ್ತದೆ, ತೇಪೆ ಹಾಕುವ ಬಹುಪಾಲು ಜನ ಅದನ್ನು ಬಿಡುತ್ತಾರೆ. ಹೊಸ ಮರ ಸೇಫ್ಟಿ ಲಿವರಿಗೆ ಕೂದಲಿನಷ್ಟು ತಾಗಿದರೂ ಅದೇ ಜಾಗ ಮತ್ತೆ ಸಿಡಿಯುತ್ತದೆ. ಲಿವರಿನ ಒಳಬದಿಗೆ ಕಾಡಿಗೆಯನ್ನು ತೆಳುವಾಗಿ ಸವರಿ, ಗ್ರಿಪ್ಪನ್ನು ಸ್ಕ್ರೂ ಹಾಕದೆ ಕೈಯಲ್ಲಿ ಒತ್ತಿ ಹಿಡಿದು, ಲಿವರನ್ನು ಒಮ್ಮೆ ಮೇಲೆ ಕೆಳಗೆ ಆಡಿಸಿ ತೆಗೆದರೆ ತಾಗುವ ಜಾಗದಲ್ಲಿ ಕಪ್ಪು ಚುಕ್ಕೆ ಬಿದ್ದಿರುತ್ತದೆ. ಅಲ್ಲಿ ಮಾತ್ರ ಬ್ಲೇಡಿನಿಂದ ಹೆರೆದು ಮತ್ತೆ ಸವರಿ ನೋಡಬೇಕು. ಕಾಡಿಗೆ ಎಲ್ಲಿಯೂ ಅಂಟದೆ ಬರುವವರೆಗೆ ಸ್ಕ್ರೂ ಮುಟ್ಟುವಂತಿಲ್ಲ.